400 ಅಂಕ ಮೇಲಿನವರ ಜೊತೆ ಡ್ರಾ: ಆನೆಯನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕು?

ಬೆಳಗಾವಿಯಲ್ಲಿ ಚೆಸ್‌ಗೆ ಬುದ್ಧಿಬಳ ಅನ್ನುವವರೂ ಇದ್ದಾರೆ. ಹೆಸರು ಯಾವುದಾದರೇನು, ನನಗಿಂತ ರೇಟಿಂಗ್‌ನಲ್ಲಿ 400 ಅಂಕ ಮೇಲಿರುವವರ ಎದುರು ಕೂತಾಗ ನಾನು ಸಿಕ್ಕ ಕಾಯಿಯನ್ನೆಲ್ಲ ಹೊಡೆದು ಬದಲಿ ಮಾಡುತ್ತಾ ಹೋಗುವುದಿಲ್ಲ. ಹಾಗೆ ಮಾಡಿದರೆ ಪ್ರತಿ ಬದಲಿಯಲ್ಲೂ ಅವರ ಕಾಯಿಗೆ ಒಳ್ಳೆಯ ಮನೆ ನಾವೇ ಕೊಟ್ಟಂತೆ. ಒಂದು ಪ್ಯಾದೆ ಹೋಗುವುದೇ ಖಚಿತವಾದರೆ, ಇಬ್ಬರಿಗೂ ಒಂದೊಂದು ಆನೆ ಉಳಿಯುವ ಹಾಗೆ ನೋಡಿಕೊಳ್ಳುತ್ತೇನೆ.

ಹಲಗೆ ಹಾಕಿಕೊಂಡು ನೋಡಿ (ಅಕ್ಷರ ಬಿಳಿಯ ಎಡದಿಂದ ಎಣಿಸಿದ ಉದ್ದಸಾಲು, ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲು). ಬಿಳಿ: ರಾಜ ಡಿ5, ಪ್ಯಾದೆ ಇ5, ಆನೆ ಎಚ್7. ಕಪ್ಪು: ರಾಜ ಇ8, ಆನೆ ಬಿ6. ಇದು 18ನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ಹೆಸರಿನ ಡ್ರಾ ಸ್ಥಿತಿ. ಕಪ್ಪಿನ ಆನೆ 6ನೇ ಸಾಲು ಕಾಯುವುದರಿಂದ ಬಿಳಿ ರಾಜ ಮುಂದೆ ಬರಲಾರ. ಬಿಳಿ ಸುಮ್ಮನೆ ನಡೆ ತಳ್ಳುತ್ತಿದ್ದರೆ ನಾವೂ ಬಿ6, ಎ6 ಅಂತ ಓಡಾಡಿದರಾಯಿತು. ಕೈ ಜಾರಿ ಸಿ6ಕ್ಕೆ ಇಟ್ಟಿರೋ, ರಾಜನೇ ಆನೆ ಹೊಡೆಯುತ್ತಾನೆ!

ಪ್ಯಾದೆ ಇ6ಕ್ಕೆ ಬಂತು ಅಂದ ಕೂಡಲೇ ಆನೆಯನ್ನು ಬಿ1ಕ್ಕೆ ಇಳಿಸಬೇಕು. ಈಗ ರಾಜ ಡಿ6ಕ್ಕೆ ಬಂದರೆ ಡಿ1ರಿಂದ ಚೆಕ್, ಇ5ಕ್ಕೆ ಹೋದರೆ ಇ1ರಿಂದ, ಎಫ್6ಕ್ಕೆ ಹೋದರೆ ಎಫ್1ರಿಂದ. ಮರೆಯಾಗಬೇಕಿದ್ದ ಇ6 ಮನೆಯಲ್ಲಿ ಅವನದೇ ಪ್ಯಾದೆ ಕೂತಿದೆ.

ಹೆಚ್ಚಿನವರು ಎಡವುವುದು ಹೊತ್ತು ತಪ್ಪಿ. ಪ್ಯಾದೆ ಇನ್ನೂ ಇ5ರಲ್ಲಿರುವಾಗಲೇ ಕೆಳಗಿಳಿದರೆ ರಾಜ ಇ6ಕ್ಕೆ ಏರುತ್ತಾನೆ, ಎಚ್8ರಲ್ಲಿ ಮೇಟ್ ಬೆದರಿಕೆ ಬರುತ್ತದೆ. ಹೆದರಿ ಆನೆಯನ್ನು 8ನೇ ಸಾಲಿನಲ್ಲೇ ಕಟ್ಟಿಹಾಕುವುದು ಇನ್ನೊಂದು ತಪ್ಪು. ಅಂಚಿನ ಪ್ಯಾದೆಗೆ ಅದು ನಡೆದೀತು, ನಡುವಿನ ಪ್ಯಾದೆಗೆ ನಡೆಯುವುದಿಲ್ಲ.

ಒಂದೇ ಸ್ಥಿತಿ ಮೂರನೇ ಸಲ ಬರುವಂತಿದ್ದರೆ, ನಡೆಯನ್ನು ಹಾಳೆಯಲ್ಲಿ ಬರೆಯಿರಿ, ಆದರೆ ಆಡಬೇಡಿ. ಗಡಿಯಾರ ನಿಲ್ಲಿಸಿ, ಡ್ರಾ ಕೇಳುತ್ತೇನೆ ಅಂತ ಆರ್ಬಿಟರ್‌ಗೆ (ತೀರ್ಪುಗಾರರಿಗೆ) ಹೇಳಿ. ಮೊದಲೇ ಕಾಯಿ ಮುಟ್ಟಿದರೆ ಆ ನಡೆಗೆ ಹಕ್ಕು ಹೋಯಿತು. ಲೆಕ್ಕ ತಪ್ಪಿದ್ದರೆ ಎದುರಾಳಿಗೆ 2 ನಿಮಿಷ ಹೆಚ್ಚು ಸಿಗುತ್ತದೆ. ಪ್ಯಾದೆ ಸರಿಯದೆ, ಹೊಡೆತವೂ ಇಲ್ಲದೆ ಇಬ್ಬರೂ 50 ನಡೆ ಆಡಿದರೂ ಇದೇ ಕ್ರಮ.

400 ಅಂತರದಲ್ಲಿ ಕೆಳಗಿನವರಿಂದ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ಒಂದು ಆಟಕ್ಕೆ ನಿರೀಕ್ಷಿಸುವುದು 0.08 ಅಂಕ; ಗೆದ್ದರೆ 1, ಡ್ರಾ ಆದರೆ 0.5. ಹಾಗಾಗಿ ಡ್ರಾಕ್ಕೆ 0.42 ಲಾಭ; ಅದನ್ನು ಗುಣಿಸುವ ಸಂಖ್ಯೆ ಕೆ. ಕೆ 20 ಇದ್ದರೆ ರೇಟಿಂಗ್‌ಗೆ 8.4, ಕೆ 40 ಇದ್ದರೆ 16.8 ಸೇರುತ್ತದೆ.