ಸರ್ಪಸುತ್ತು: ಗುಳ್ಳೆ ಕಂಡ ದಿನ, ಆಮೇಲಿನ ತಿಂಗಳುಗಳು

ಅಮ್ಮನಿಗೆ ಮೊದಲು ಶುರುವಾದದ್ದು ಎದೆಯ ಎಡಗಡೆ ಉರಿ. ಗಾಬರಿಯಾಗಿ ಇಸಿಜಿ ಮಾಡಿಸಿದೆವು. ಏನೂ ತೊಂದರೆ ಕಾಣಲಿಲ್ಲ. ಮೂರನೇ ದಿನ ಬೆನ್ನಿನಿಂದ ಎದೆಯವರೆಗೆ, ಒಂದೇ ಪಕ್ಕ, ಪಟ್ಟಿ ಎಳೆದ ಹಾಗೆ ನೀರುಗುಳ್ಳೆ ಎದ್ದವು. ನೋಡಿದವರೆಲ್ಲ ಸರ್ಪಸುತ್ತು ಅಂದರು. ಹೆಡೆ ಬಾಲ ಕೂಡಿದರೆ ಜೀವಕ್ಕೇ ಕುತ್ತು ಅನ್ನೋ ಭಯ ಬೇರೆ. ಪಕ್ಕದೂರಿಗೆ ಹೋಗಿ ಕೆಮ್ಮಣ್ಣು ಹಚ್ಚಿಸಿಕೊಂಡು ಬಂದೆವು. ಹಾಗೇ ಐದು ದಿನ ಹೋಯಿತು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ, ಗುಳ್ಳೆ ಕಂಡ ದಿನವೇ ಡಾಕ್ಟರ ಹತ್ತಿರ ಹೋಗಿ. ಇದು ನಾಗದೋಷ ಅಲ್ಲ. ಯಾವತ್ತೋ ಚಿಕನ್‌ಪಾಕ್ಸ್ ತಂದ ವೈರಸ್ಸೇ ನರದ ಬುಡದಲ್ಲಿ ಅಡಗಿದ್ದು, ವಯಸ್ಸಾಗಿ ಮೈಯ ಶಕ್ತಿ ಕುಂದಿದಾಗ ಮತ್ತೆ ಏಳುತ್ತದೆ. ವೈರಸ್ ತಡೆಯುವ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಉಪಯೋಗ ಜಾಸ್ತಿ. ಅಸೈಕ್ಲೋವಿರ್ ಆದರೆ ಸಾಮಾನ್ಯವಾಗಿ ದಿನಕ್ಕೆ 5 ಸಲ, 7 ದಿನ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ, ಡೋಸ್ ಬದಲಿಸಬೇಕಾಗುತ್ತದೆ. ತಡವಾಗಿದ್ದರೂ ಹೋಗಿ. ಹಣೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಬಸುರಿಯರು, ಎಳೆಮಕ್ಕಳು ಹತ್ತಿರ ಬರುವುದು ಬೇಡ.

ಅಮ್ಮನ ಗುಳ್ಳೆ ಮೂರು ವಾರಕ್ಕೆ ಒಣಗಿತು. ನೋವು ಮಾತ್ರ ಏಳು ತಿಂಗಳು ಬಿಡಲಿಲ್ಲ. ಫ್ಯಾನಿನ ಗಾಳಿ ತಾಕಿದರೂ ಬೆಚ್ಚಿಬೀಳುತ್ತಿದ್ದಳು. ರವಿಕೆ ತೊಡಲಾಗದೆ, ಒಗೆದು ಒಗೆದು ಮೆತ್ತಗಾದ ಅಪ್ಪನ ಪಂಚೆ ಹೊದ್ದು ಕೂರುತ್ತಿದ್ದಳು. "ಗಾಯ ಮಾಯ್ತಲ್ಲ, ಇನ್ನೇನು ನೋವು?" ಅಂತ ನೆಂಟರು ಕೇಳಿದ ದಿನ ಅಮ್ಮ ಊಟ ಮಾಡಲಿಲ್ಲ. ದಯವಿಟ್ಟು ಹಾಗೆ ಕೇಳಬೇಡಿ. ಪೆಟ್ಟು ಬಿದ್ದಿರುವುದು ಒಳಗಿನ ನರಕ್ಕೆ, ಚರ್ಮ ನೋಡಿದರೆ ಅದು ಕಾಣುವುದಿಲ್ಲ.

ಈ ನೋವಿಗೆ ಮಾಮೂಲಿ ನೋವಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥ ಬೇರೆ ಔಷಧಿಗಳಿವೆ, ಡಾಕ್ಟರನ್ನು ಕೇಳಿ. ಇವುಗಳಿಂದ ಮಂಪರು, ತಲೆಸುತ್ತು ಬರಬಹುದು. ರಾತ್ರಿ ಬಚ್ಚಲಿಗೆ ಎದ್ದರೆ ಜೊತೆಯಲ್ಲಿ ಹೋಗಿ. ನೋವು ಇಳಿಯಿತು ಅಂತ ನೀವೇ ಥಟ್ಟನೆ ನಿಲ್ಲಿಸಬೇಡಿ.

ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ರಾತ್ರಿ ನೋವಿಗೆ 10ಕ್ಕೆ ಎಷ್ಟು ಅಂತ ಬರೆಯುತ್ತಿದ್ದೆ, ಪಕ್ಕದಲ್ಲಿ ಎಷ್ಟು ಗಂಟೆ ನಿದ್ದೆ ಅಂತ. "ಹೇಗಿದೆ?" ಅಂದರೆ "ಪರವಾಗಿಲ್ಲ" ಅಂದುಬಿಡುವುದು ಅಮ್ಮನ ಅಭ್ಯಾಸ. ಡಾಕ್ಟರು ಡೋಸ್ ಸರಿಮಾಡಿದ್ದು ಆ ಹಾಳೆ ನೋಡಿಯೇ.

2023ರಿಂದ ನಮ್ಮ ದೇಶದಲ್ಲೂ ಸರ್ಪಸುತ್ತು ತಡೆಯುವ ಶಿಂಗ್ರಿಕ್ಸ್ ಲಸಿಕೆ ಸಿಗುತ್ತಿದೆ. 50 ದಾಟಿದವರಿಗೆ 2 ಡೋಸ್, 2ರಿಂದ 6 ತಿಂಗಳ ಅಂತರ. ದುಬಾರಿ ನಿಜ. ಅಪ್ಪನಿಗೆ ಮೊದಲ ಡೋಸ್ ಹಾಕಿಸಿದ್ದೇವೆ. ಆ ದಿನ ಹಟ ಹಿಡಿದು ಜೊತೆಗೆ ಬಂದವಳು ಅಮ್ಮ.