ಸಮುದಾಯ ರೇಡಿಯೊ ಎಷ್ಟು ದೂರ ಕೇಳಿಸುತ್ತದೆ? ಅಳೆದು ನೋಡಿ

ಸಮುದಾಯ ರೇಡಿಯೊ ಟ್ರಾನ್ಸ್‌ಮಿಟರ್ ಸಾಮಾನ್ಯವಾಗಿ 50 ವಾಟ್‌ನದು, ಆಂಟೆನಾ ಹೆಚ್ಚೆಂದರೆ 30 ಮೀಟರ್ ಎತ್ತರ. ಮೀಟರ್ ಲೆಕ್ಕದ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅಲೆಗಳು ಅಡ್ಡಿಯಿಲ್ಲದೆ ತಲುಪಬಲ್ಲ ದೂರ ಸಿಗುತ್ತದೆ: 22 ಕಿ.ಮೀ. ಚಿಲ್ಲರೆ. ಲೆಕ್ಕ ಚೆಂದ, ಸ್ಪಷ್ಟವಾಗಿ ಕೇಳಿಸುವುದು ಹೆಚ್ಚಾಗಿ ಹತ್ತರೊಳಗೇ.

ಮಧ್ಯಾಹ್ನ ಹೊರಡಿ, ಮುಂಜಾನೆ ಕೆಲವೊಮ್ಮೆ ಅಲೆಗಳು ಮಾಮೂಲಿಗಿಂತ ದೂರ ಹೋಗಿ ಮೋಸ ಮಾಡುತ್ತವೆ. ನಾಲ್ಕೂ ದಿಕ್ಕಿಗೆ ಕಿಲೋಮೀಟರಿಗೊಮ್ಮೆ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ಒಂದು ನಿಮಿಷ ಕೇಳಿ: ಸ್ಪಷ್ಟ, ಗೊರಗೊರ, ಇಲ್ಲ ಎಂದು ಬರೆದುಕೊಳ್ಳಿ. ಕೊನೆಯವರೆಗೂ ಒಂದೇ ರೇಡಿಯೊ ಸೆಟ್ ಇರಲಿ. ಮೊಬೈಲಾದರೆ ಇಯರ್‌ಫೋನ್ ತಂತಿಯೇ ಆಂಟೆನಾ, ಸುತ್ತಿಡಬೇಡಿ.

ಗುಡ್ಡದ ಹಿಂದೆ ಸದ್ದು ತಟ್ಟನೆ ಸತ್ತರೆ ವಾಟ್ ಹೆಚ್ಚಿಸಿ ಪ್ರಯೋಜನ ಕಡಿಮೆ: ದುಪ್ಪಟ್ಟು ಮಾಡಿದರೂ ಸಿಗುವುದು ಬರೀ 3 ಡೆಸಿಬೆಲ್ (ಅಲೆಯ ಬಲದ ಅಳತೆ). ಆಂಟೆನಾವನ್ನೇ ದಿಬ್ಬಕ್ಕೆ ಒಯ್ಯಬೇಕು. ಗೊರಗೊರ ಮಾತ್ರವಿದ್ದರೆ ಸೆಟ್ಟನ್ನು ಸ್ಟೀರಿಯೊ ಬಿಟ್ಟು ಮೋನೊಗೆ (ಎರಡೂ ಕಿವಿಗೆ ಒಂದೇ ಧ್ವನಿ) ಹಾಕಿ.