ಮೊದಲು ಮಾತ್ರೆ ಚೀಲ, ಆಮೇಲೆ ಕೇಸ್ ಶೀಟ್

ಶಿವಮೊಗ್ಗದಲ್ಲಿ ಫಾರ್ಮ್ ಡಿ ಅನ್ನುವ ಆರು ವರ್ಷದ ಔಷಧಶಾಸ್ತ್ರ ಕೋರ್ಸಿನ ಇಂಟರ್ನ್‌ಗಳನ್ನು ಕರೆದುಕೊಂಡು ವಾರ್ಡ್ ಸುತ್ತುವುದು ನನ್ನ ಕೆಲಸ. ಆರನೇ ವರ್ಷದ ಮಕ್ಕಳು. ಆರು ತಿಂಗಳು ಜನರಲ್ ಮೆಡಿಸಿನ್, ಆಮೇಲೆ ಬೇರೆ ಮೂರು ವಿಭಾಗಗಳಲ್ಲಿ ಎರಡೆರಡು ತಿಂಗಳು. ಔಷಧಿ ಹೆಸರು ಹೇಳಿದರೆ ಸಾಕು, ಡೋಸ್, ಅಡ್ಡ ಪರಿಣಾಮ ಎಲ್ಲ ಬಾಯಿಪಾಠ. ಆದರೆ ಹೊಸನಗರದ ಕಡೆಯಿಂದ ಬಂದ ಅಜ್ಜಿ ಎದುರು ನಿಂತಾಗ ಮಾತೇ ಹೊರಡುವುದಿಲ್ಲ.

ಮೊದಮೊದಲು ಅವರು ತಡವರಿಸಿದ ಕೂಡಲೇ ನಾನೇ ಬಾಯಿ ಹಾಕಿಬಿಡುತ್ತಿದ್ದೆ. ಅಲ್ಲಿಗೆ ಮುಗಿಯಿತು, ರೋಗಿ ಮತ್ತೆ ಇಂಟರ್ನ್ ಮುಖ ನೋಡುತ್ತಿರಲಿಲ್ಲ, ಎಲ್ಲ ಪ್ರಶ್ನೆಯೂ ನನಗೇ. ಈ ಅಭ್ಯಾಸ ಬಿಡಲು ನನಗೆ ಎರಡು ಬ್ಯಾಚ್ ಬೇಕಾಯಿತು. ಈಗ ಮಂಚದಿಂದ ನಾಲ್ಕು ಹೆಜ್ಜೆ ದೂರ, ಕಿಟಕಿ ಪಕ್ಕ ಸುಮ್ನೆ ನಿಲ್ಲುತ್ತೇನೆ.

ಅವರಿಗೆ ನಾನು ಹೇಳುವುದು ಇಷ್ಟೇ. ಕೇಸ್ ಶೀಟ್ ಆಮೇಲೆ ನೋಡಿ, ಮೊದಲು ಮನೆಯಿಂದ ತಂದ ಮಾತ್ರೆ ಚೀಲ ಬಿಚ್ಚಿಸಿ. ಜ್ವರ ಅಂತ ಬಂದವರಿಗೆ ಅಂಗಡಿಯಿಂದ ಏನು ತಂದು ನುಂಗಿದಿರಿ ಅಂತ ಕೇಳಲೇಬೇಕು. ರಕ್ತಸ್ರಾವವೂ ಆಗಬಹುದಾದ ಜ್ವರ ಮಂಗನ ಕಾಯಿಲೆ, 1957ರಲ್ಲಿ ಮೊದಲು ಗೊತ್ತಾಗಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಲ್ಲಿ. ಅಂಥ ಜ್ವರಕ್ಕೆ ರಕ್ತಸ್ರಾವ ಹೆಚ್ಚಿಸುವ ಆಸ್ಪಿರಿನ್, ಐಬುಪ್ರೊಫೆನ್ ನುಂಗಿದ್ದರೆ ಅದು ಡಾಕ್ಟರಿಗೆ ತಿಳಿಯಬೇಕಲ್ವಾ? ಇನ್ನೊಂದು, 'ಸರಿಯಾಗಿ ತಗೊಳ್ತಿದ್ದೀರಾ' ಅಂತ ಕೇಳಲೇಬೇಡಿ. ನಮ್ಮ ಜನ ಮರ್ಯಾದೆಗೆ 'ಹ್ಞೂಂ' ಅಂದುಬಿಡುತ್ತಾರೆ. 'ಹೇಗೆ ತಗೊಳ್ತೀರಿ, ಒಂದ್ಸಲ ತೋರಿಸಿ' ಅನ್ನಿ.

ಒಂದು ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ, ಎಡಗೈ ಮುರಿದುಕೊಂಡು ಒಬ್ಬ ಹೆಂಗಸು ದಾಖಲಾಗಿದ್ದರು. ಹಳೇ ಸಕ್ಕರೆ ಕಾಯಿಲೆ. ಮನೆಯಲ್ಲಿ ಬೆಳಿಗ್ಗೆ 30 ಯೂನಿಟ್ ಮಿಕ್ಸ್ ಇನ್ಸುಲಿನ್. ವಾರ್ಡಲ್ಲೂ ಅದೇ 30 ಕೊಟ್ಟರು, ತಿಂಡಿಯನ್ನೂ ಪೂರ್ತಿ ತಿಂದಿದ್ದರು. ಹನ್ನೊಂದೂವರೆಗೆ ಮೈಯೆಲ್ಲ ಬೆವರು, ಕೈ ನಡುಕ, ರಕ್ತದ ಸಕ್ಕರೆ ನೋಡಿದರೆ 54, ತೀರಾ ಕಡಿಮೆ. ಗ್ಲೂಕೋಸ್ ಕೊಟ್ಟು ಸುಧಾರಿಸಿದರು. ಆ ತಿಂಗಳು ನನ್ನ ಜೊತೆಗಿದ್ದ ಹುಡುಗಿ ಕೇಳಿದಳು, 'ಮನೆಯಲ್ಲಿ ಇದೇ ಡೋಸಿಗೆ 280 ಇರುತ್ತಿತ್ತಂತೆ, ಇಲ್ಲಿ ಹೇಗೆ ಇಷ್ಟು ಇಳೀತು?'

ಉತ್ತರ ಏನಿರಬಹುದು ಅಂತ ನನಗೆ ಅಂದಾಜಿತ್ತು, ನಾಲಿಗೆ ತುದಿಗೂ ಬಂದಿತ್ತು. ಹೇಳಲಿಲ್ಲ. 'ಚೀಲ ನೋಡಿದ್ಯಾ?' ಅಂದೆ ಅಷ್ಟೇ.

ಬಟ್ಟೆ ಚೀಲದಿಂದ ಸಿರಿಂಜ್ ಹೊರಗೆ ಬಂತು. ಕಿತ್ತಳೆ ಬಣ್ಣದ ಮುಚ್ಚಳ. ಇನ್ಸುಲಿನ್ ಬಾಟಲಿ ಮಾತ್ರ ಮಿಲಿಗೆ 40 ಯೂನಿಟ್‌ನದು. ಕಿತ್ತಳೆ ಮುಚ್ಚಳದ್ದು 100ರ ಬಾಟಲಿಗೆ ಇರುವ ಸಿರಿಂಜ್, 40ರದ್ದಕ್ಕೆ ಕೆಂಪು ಮುಚ್ಚಳದ್ದೇ ಬೇಕು. ಹುಡುಗಿ ಅಲ್ಲೇ ಅಂಗೈ ಮೇಲೆ ಪೆನ್ನಿನಲ್ಲಿ ಲೆಕ್ಕ ಹಾಕಿದಳು. ಕಿತ್ತಳೆ ಸಿರಿಂಜಲ್ಲಿ 30ರ ಗೆರೆ ಅಂದರೆ 0.3 ಮಿಲಿ, ಮೈಗೆ ಹೋಗುತ್ತಿದ್ದದ್ದು ಬರೀ 12 ಯೂನಿಟ್. ಸಕ್ಕರೆ ಇಳಿಯುತ್ತಿಲ್ಲ ಅಂತ ಡೋಸ್ 16ರಿಂದ 22, ಆಮೇಲೆ 30 ಆಗಿತ್ತು. ವಾರ್ಡಿನಲ್ಲಿ ಸರಿಯಾದ ಸಿರಿಂಜಲ್ಲಿ ಕೊಟ್ಟಾಗ ಮೊದಲ ಸಲ ನಿಜವಾದ 30 ಹೋಯಿತು.

ಅವಳು ಖುಷಿಯಲ್ಲಿ, 'ಕೆಂಪು ಸಿರಿಂಜ್ ಬರೆಸಿ ಕಳಿಸೋಣ' ಅಂದಳು. 'ಡೋಸ್ 30 ಅಂತಲೇ ಇದ್ದರೆ ನಾಳೆ ಮನೆಯಲ್ಲಿ ಏನಾಗುತ್ತೆ?' ಅಂದೆ. ಅವಳ ಮುಖ ಬದಲಾಯಿತು. ಓಡಿ ಹೋಗಿ ಡ್ಯೂಟಿ ಡಾಕ್ಟರಿಗೆ ಎಲ್ಲ ಹೇಳಿದಳು, ನಾನು ಹಿಂದೆ ನಿಂತಿದ್ದೆ. ಅವರು ಡೋಸ್ ಇಳಿಸಿ, ಎರಡು ದಿನ ಸಕ್ಕರೆ ನೋಡಿ, ಹೊಸದಾಗಿ ಬರೆದುಕೊಟ್ಟರು. ಮನೆಗೆ ಹೊರಡುವ ದಿನ ಸೊಸೆ ಕೈಯಲ್ಲಿ ಮೂರು ಸಲ ಇನ್ಸುಲಿನ್ ಎಳೆಸಿ ನೋಡಿದ್ದೂ ಅವಳೇ.

ಅವತ್ತಿನಿಂದ ಹೊಸ ಬ್ಯಾಚ್ ಬಂದ ಮೊದಲ ದಿನವೇ ಪ್ರತಿಯೊಬ್ಬರ ಮುಂದೆ ಎರಡೂ ಬಣ್ಣದ ಸಿರಿಂಜ್, ಒಂದು ಲೋಟ ನೀರು ಇಡುತ್ತೇನೆ. ಎರಡರಲ್ಲೂ 30ರ ಗೆರೆಯವರೆಗೆ ಎಳೆಯಿರಿ ಅನ್ನುತ್ತೇನೆ. ಒಂದರಲ್ಲಿ 0.75 ಮಿಲಿ, ಇನ್ನೊಂದರಲ್ಲಿ 0.3. ಅಕ್ಕಪಕ್ಕ ಹಿಡಿದು ನೋಡುವಾಗ ಯಾರೂ ಮಾತಾಡುವುದಿಲ್ಲ. ಅದಾದ ಮೇಲೆ ವಾರ್ಡಿಗೆ ಹೊರಡುತ್ತೇವೆ.